ತೋಟಗಾರಿಕೆ ಚಿಕಿತ್ಸೆ: ತರಬೇತಿ ಎಂದರೆ ಏನು, ಮನೆಯವರು ಎಷ್ಟು ಕಲಿತರೆ ಸಾಕು

"ಮನೆಯಲ್ಲಿ ಸ್ವಲ್ಪ ಗಿಡಗಳ ಕೆಲಸ ಮಾಡಿಸಿ, ಒಳ್ಳೆಯದು." ಪಾರ್ಶ್ವವಾಯುವಿನ ನಂತರ, ಖಿನ್ನತೆಯ ಚಿಕಿತ್ಸೆಯ ನಡುವೆ ಅಥವಾ ಮರೆವಿನ ಕಾಯಿಲೆ ಗೊತ್ತಾದ ಮೇಲೆ ಈ ಮಾತನ್ನು ನೀವು ಡಾಕ್ಟರ ಬಾಯಲ್ಲಿ ಕೇಳಿರಬಹುದು. ಮಾತು ಸರಿಯಾದದ್ದೇ. ಆದರೆ ಯಾವ ಕೆಲಸ, ಎಷ್ಟು ಹೊತ್ತು, ಯಾರ ಮೇಲ್ವಿಚಾರಣೆಯಲ್ಲಿ ಎಂಬುದನ್ನು ಹೇಳಲು ಹೊರರೋಗಿ ವಿಭಾಗದಲ್ಲಿ ಯಾರಿಗೂ ಪುರುಸೊತ್ತು ಇರುವುದಿಲ್ಲ. ಮನೆಗೆ ಬಂದು ಫೋನಿನಲ್ಲಿ ಹುಡುಕಿದರೆ ವಾರಾಂತ್ಯದ ಕೋರ್ಸ್‌ಗಳು, ಪ್ರಮಾಣಪತ್ರಗಳು, "ಮಣ್ಣು ಮುಟ್ಟಿ, ಮಾತ್ರೆ ಬಿಡಿ" ಎನ್ನುವ ವಿಡಿಯೊಗಳು ಒಟ್ಟೊಟ್ಟಿಗೆ ಬರುತ್ತವೆ. ಇವುಗಳಲ್ಲಿ ಯಾವುದನ್ನು ನಂಬಬೇಕು, ಯಾವುದಕ್ಕೆ ದುಡ್ಡು ಕೊಡಬೇಕು, ಯಾವುದನ್ನು ನೀವೇ ಕಲಿತು ಬಾಲ್ಕನಿಯಲ್ಲಿ ಮಾಡಬಹುದು ಎಂಬುದನ್ನು ಈ ಲೇಖನ ತಿಳಿಸುತ್ತದೆ.

ಮೊದಲು ಹೆಸರು

ಇದನ್ನು ಕೆಲವರು ಕನ್ನಡದಲ್ಲಿ "ಸಸ್ಯ ಚಿಕಿತ್ಸೆ" ಎಂದು ಬರೆಯುತ್ತಾರೆ. ಅನುವಾದ ಮಾಡುವವಳಾಗಿ ನಾನು ಆ ಪದವನ್ನು ಬಳಸುವುದಿಲ್ಲ. ಹಾಗೆ ಬರೆದರೆ ಓದುವವರು ಗಿಡಮೂಲಿಕೆ, ಕಷಾಯ, ಸೊಪ್ಪಿನ ರಸ ಎಂದೇ ತಿಳಿಯುತ್ತಾರೆ. ತೋಟಗಾರಿಕೆ ಚಿಕಿತ್ಸೆಯಲ್ಲಿ ರೋಗಿ ಗಿಡವನ್ನು ಔಷಧಿಯಾಗಿ ಸೇವಿಸುವುದಿಲ್ಲ. ಬೀಜ ಬಿತ್ತುವುದು, ನೀರು ಹಾಕುವುದು, ಕಡ್ಡಿ ನೆಡುವುದು, ಹೂ ಬಿಡಿಸುವುದು, ಇಂಥ ಕೆಲಸಗಳನ್ನು ಒಂದು ನಿರ್ದಿಷ್ಟ ಗುರಿಗಾಗಿ, ತರಬೇತಿ ಪಡೆದವರ ಜೊತೆ ಮಾಡುತ್ತಾನೆ. ಗುರಿ ಅಂದರೆ "ಮನಸ್ಸು ಹಗುರಾಗಲಿ" ಎಂಬ ಹಾರೈಕೆಯಲ್ಲ. "ಆರು ವಾರದಲ್ಲಿ ಬಲಗೈಯ ಹೆಬ್ಬೆರಳು, ತೋರುಬೆರಳಿನಲ್ಲಿ ಕಾಳು ಹಿಡಿದು ಎತ್ತುವಂತಾಗಬೇಕು", "ದಿನಕ್ಕೊಮ್ಮೆಯಾದರೂ ಹಾಸಿಗೆ ಬಿಟ್ಟು ಬಾಲ್ಕನಿಗೆ ಬರಬೇಕು", "ಗುಂಪಿನಲ್ಲಿ ಇಪ್ಪತ್ತು ನಿಮಿಷ ಕೂರಬೇಕು", ಇವು ಗುರಿಗಳು. ಹೀಗೆ ಬರೆದಿಟ್ಟ ಗುರಿ ಇದ್ದರೆ ಅದು ಚಿಕಿತ್ಸೆ. ಇಲ್ಲದಿದ್ದರೆ ಅದು ತೋಟಗಾರಿಕೆ. ತೋಟಗಾರಿಕೆಯಿಂದಲೂ ಲಾಭವಿದೆ, ಆದರೆ ಅದಕ್ಕೆ ಚಿಕಿತ್ಸೆಯ ಶುಲ್ಕ ಕೊಡಬೇಕಿಲ್ಲ.

ಎಲ್ಲಿಂದ ಬಂತು

ಈ ವಿಷಯದ ಬಹುತೇಕ ಬರಹಗಳು ಅಮೆರಿಕದ ವೈದ್ಯ ಬೆಂಜಮಿನ್ ರಶ್ ಅವರ ಹೆಸರಿನಿಂದ ಶುರುವಾಗುತ್ತವೆ. ತೋಟ ಅಗೆಯುವ ರೋಗಿಗಳು ಹೆಚ್ಚಾಗಿ ಗುಣವಾಗುತ್ತಾರೆ ಎಂದು ಅವರು 1812ರ ಮಾನಸಿಕ ಕಾಯಿಲೆಗಳ ಪುಸ್ತಕದಲ್ಲಿ ಬರೆದರು ಎನ್ನುತ್ತವೆ. ಬರೆದದ್ದು ನಿಜ. ಆದರೆ ಅವರ ಪಟ್ಟಿಯಲ್ಲಿ ಸೌದೆ ಕಡಿಯುವುದು, ಒಲೆ ಹಚ್ಚುವುದು, ಬಟ್ಟೆ ಒಗೆಯುವುದು, ನೆಲ ಉಜ್ಜುವುದೂ ಇದ್ದವು. ಅವುಗಳ ಕೋರ್ಸನ್ನು ಯಾರೂ ಮಾರುತ್ತಿಲ್ಲ.

ಎರಡನೇ ಮಹಾಯುದ್ಧದಲ್ಲಿ ಗಾಯಗೊಂಡ ಸೈನಿಕರ ಆಸ್ಪತ್ರೆಗಳಲ್ಲಿ ಗಿಡಗಳ ಕೆಲಸ ಪುನರ್ವಸತಿಯ ಭಾಗವಾಗಿ ಬೆಳೆಯಿತು. ಅಮೆರಿಕದಲ್ಲಿ ಈ ವೃತ್ತಿಯ ರಾಷ್ಟ್ರೀಯ ಸಂಘಟನೆ 1973ರಲ್ಲಿ ಹುಟ್ಟಿತು. ಇಂದು ಅದು ಅಮೆರಿಕನ್ ಹಾರ್ಟಿಕಲ್ಚರಲ್ ಥೆರಪಿ ಅಸೋಸಿಯೇಷನ್. ಬ್ರಿಟನ್ನಿನಲ್ಲಿ 1978ರಲ್ಲಿ ಶುರುವಾದ, ಈಗ ಥ್ರೈವ್ ಎಂದು ಕರೆಸಿಕೊಳ್ಳುವ ಸಂಸ್ಥೆ ಲಂಡನ್ನಿನ ಬ್ಯಾಟರ್‌ಸೀ ಉದ್ಯಾನದಲ್ಲಿ ರೋಗಿಗಳೊಂದಿಗೆ ಕೆಲಸ ಮಾಡುತ್ತದೆ, ಬೇರೆಯವರಿಗೆ ತರಬೇತಿಯನ್ನೂ ಕೊಡುತ್ತದೆ.

ನಮ್ಮಲ್ಲಿ ಬೆಂಗಳೂರಿನ ನಿಮ್ಹಾನ್ಸ್‌ನ ಮನೋವೈದ್ಯಕೀಯ ಪುನರ್ವಸತಿ ಸೇವೆಯಲ್ಲಿ ಬೇಕರಿ, ಹೊಲಿಗೆ, ಮರಗೆಲಸಗಳ ಜೊತೆ ತೋಟಗಾರಿಕೆಯೂ ಒಂದು ವಿಭಾಗ. ತೀವ್ರ ಮಾನಸಿಕ ಕಾಯಿಲೆಯಿಂದ ಚೇತರಿಸಿಕೊಳ್ಳುತ್ತಿರುವವರು ಅಲ್ಲಿ ದಿನಚರಿ ಮತ್ತು ಕೆಲಸದ ಅಭ್ಯಾಸವನ್ನು ಮತ್ತೆ ಕಲಿಯುತ್ತಾರೆ.

ತರಬೇತಿಯಲ್ಲಿ ಏನು ಕಲಿಸುತ್ತಾರೆ

ಗಿಡ ಬೆಳೆಸಲು ಬರುವವರೆಲ್ಲ ಈ ಕೆಲಸ ಮಾಡಲಾರರು. ಪದವಿ ಇರುವ ಮನಶ್ಶಾಸ್ತ್ರಜ್ಞರೂ ಗಿಡ ಒಣಗಿಸಿ ಕೂತರೆ ಪ್ರಯೋಜನವಿಲ್ಲ. ಅಮೆರಿಕದ ಸಂಘಟನೆಯಲ್ಲಿ ನೋಂದಾಯಿತ ತೋಟಗಾರಿಕೆ ಚಿಕಿತ್ಸಕ ಎನಿಸಿಕೊಳ್ಳಲು ಪದವಿ ಬೇಕು. ಸಸ್ಯವಿಜ್ಞಾನ, ಮನುಷ್ಯನ ದೇಹ ಮತ್ತು ಮನಸ್ಸಿನ ಬಗೆಗಿನ ವಿಷಯಗಳು, ತೋಟಗಾರಿಕೆ ಚಿಕಿತ್ಸೆಯದೇ ಪಾಠಗಳು, ಈ ಮೂರರಲ್ಲೂ ಓದಿರಬೇಕು. ಅದರ ಮೇಲೆ ಅನುಭವಿಗಳ ಮೇಲ್ವಿಚಾರಣೆಯಲ್ಲಿ 480 ಗಂಟೆಗಳ ಇಂಟರ್ನ್‌ಶಿಪ್. ವಾರಕ್ಕೆ ನಲವತ್ತು ಗಂಟೆಯಂತೆ ಎಣಿಸಿದರೂ ಹನ್ನೆರಡು ವಾರ ರೋಗಿಗಳ ನಡುವೆಯೇ ಇರಬೇಕಾಗುತ್ತದೆ. ಅಲ್ಲಿಯೂ ಇದು ಸ್ವಯಂಪ್ರೇರಿತ ನೋಂದಣಿ, ಡಾಕ್ಟರರಿಗೆ ಇರುವಂಥ ಸರ್ಕಾರಿ ಪರವಾನಗಿಯಲ್ಲ. "ಅಂತರರಾಷ್ಟ್ರೀಯ ಮಾನ್ಯತೆ" ಎಂಬ ಜಾಹೀರಾತು ನೋಡಿದಾಗ ಈ 480 ಎಂಬ ಸಂಖ್ಯೆ ನೆನಪಿರಲಿ. ಎರಡು ದಿನದ ಆನ್‌ಲೈನ್ ಕಾರ್ಯಾಗಾರ ಆಸಕ್ತಿ ಹುಟ್ಟಿಸಬಹುದು, ಚಿಕಿತ್ಸಕರನ್ನು ತಯಾರು ಮಾಡುವುದಿಲ್ಲ.

ಆ ಗಂಟೆಗಳಲ್ಲಿ ಕಲಿಯುವ ಮುಖ್ಯ ಕೌಶಲ ಎಂದರೆ ಕೆಲಸವನ್ನು ಬಿಡಿಸಿ ನೋಡುವುದು. ನಮಗೆ "ಕುಂಡಕ್ಕೆ ನೀರು ಹಾಕು" ಎಂಬುದು ಒಂದೇ ಕೆಲಸ. ತರಬೇತಿ ಪಡೆದವರಿಗೆ ಅದು ಏಳೆಂಟು ಕೆಲಸ: ಏಳುವುದು, ನಲ್ಲಿಯವರೆಗೆ ನಡೆಯುವುದು, ನಲ್ಲಿ ತಿರುಗಿಸುವುದು, ತುಂಬುವವರೆಗೆ ಕಾಯುವುದು, ಭಾರ ಹೊರುವುದು, ಬಗ್ಗಿಸಿ ಸುರಿಯುವುದು, ಸಾಕೆನಿಸಿದಾಗ ನಿಲ್ಲಿಸುವುದು. ಮರೆವಿನ ಕಾಯಿಲೆ ಇರುವವರಿಗೆ ಕೊನೆಯದು ಕಷ್ಟ, ಪಾರ್ಕಿನ್ಸನ್ ಇರುವವರಿಗೆ ನಡುವಿನವು, ಖಿನ್ನತೆ ಇರುವವರಿಗೆ ಮೊದಲನೆಯದೇ ಬೆಟ್ಟ. ಯಾವ ಹೆಜ್ಜೆಯನ್ನು ರೋಗಿಯೇ ಮಾಡಬೇಕು, ಎಲ್ಲಿ ನೀವು ಕೈ ಕೊಡಬೇಕು, ಯಾವುದನ್ನು ಸದ್ಯ ಬಿಟ್ಟುಬಿಡಬೇಕು ಎಂದು ನಿರ್ಧರಿಸುವುದೇ ಅವರ ವಿದ್ಯೆ. ಹಿಡಿಕೆಗೆ ಬಟ್ಟೆ ಸುತ್ತಿ ದಪ್ಪ ಮಾಡುವುದು, ಕುಂಡವನ್ನು ಮೇಜಿನ ಎತ್ತರಕ್ಕೆ ತರುವುದು, ಕೆಲಸ ಮುಗಿದ ಮೇಲೆ ಕತ್ತರಿಗಳನ್ನು ಎಣಿಸಿ ಬೀಗ ಹಾಕುವುದು, ಪ್ರತಿ ಸಲ ಏನಾಯಿತೆಂದು ಬರೆದಿಡುವುದು ಕೂಡ ಅದೇ ತರಬೇತಿಯ ಭಾಗ.

ಇಲ್ಲಿ ಭಾರತದ ಕಾನೂನಿನ ಬಗ್ಗೆ ಒಂದು ಮಾತು. ಆರೋಗ್ಯ ಸಂಬಂಧಿ ವೃತ್ತಿಗಳನ್ನು ನಿಯಂತ್ರಿಸುವ 2021ರ ರಾಷ್ಟ್ರೀಯ ಕಾಯ್ದೆಯ ಪಟ್ಟಿಯಲ್ಲಿ ಆಕ್ಯುಪೇಷನಲ್ ಥೆರಪಿಸ್ಟ್ ಇದ್ದಾರೆ, ತೋಟಗಾರಿಕೆ ಚಿಕಿತ್ಸಕ ಎಂಬ ಪ್ರತ್ಯೇಕ ಹೆಸರಿಲ್ಲ. ಅಂದರೆ ಆ ಬೋರ್ಡನ್ನು ಯಾರು ಬೇಕಾದರೂ ಹಾಕಿಕೊಳ್ಳಬಹುದು. ಹಾಗಾಗಿ ನೀವು ಹುಡುಕಬೇಕಾದದ್ದು ಬೋರ್ಡನ್ನಲ್ಲ, ಆ ವ್ಯಕ್ತಿಯ ಮೂಲ ವೃತ್ತಿಯನ್ನು. ನನ್ನ ಅಭಿಪ್ರಾಯದಲ್ಲಿ ನಮ್ಮ ದೇಶದಲ್ಲಿ ಇದಕ್ಕೆ ಅತಿ ಹತ್ತಿರದ ತರಬೇತಿ ಇರುವವರು ಆಕ್ಯುಪೇಷನಲ್ ಥೆರಪಿಸ್ಟ್‌ಗಳು. ಕೆಲಸವನ್ನು ಬಿಡಿಸಿ ನೋಡುವುದೇ ಅವರ ನಾಲ್ಕು ವರ್ಷದ ಓದು ಮತ್ತು ಇಂಟರ್ನ್‌ಶಿಪ್‌ನ ಹುರುಳು. ಮುಂಬೈಯಲ್ಲಿ ಕೆ.ಇ.ಎಂ., ನಾಯರ್, ಸಯನ್ ಆಸ್ಪತ್ರೆಗಳಿಗೆ ಸೇರಿದ ವೈದ್ಯಕೀಯ ಕಾಲೇಜುಗಳಲ್ಲಿ, ಚೆನ್ನೈ ಬಳಿಯ ಮುಟ್ಟುಕಾಡಿನಲ್ಲಿರುವ ಬಹುವಿಕಲತೆಯ ರಾಷ್ಟ್ರೀಯ ಸಂಸ್ಥೆಯಲ್ಲಿ, ದೆಹಲಿಯ ದೀನದಯಾಳ್ ಉಪಾಧ್ಯಾಯ ರಾಷ್ಟ್ರೀಯ ಸಂಸ್ಥೆಯಲ್ಲಿ ಈ ವಿಭಾಗವಿದೆ. ಅವರ ಬಳಿ ಹೋಗಿ "ನಮ್ಮ ಅಮ್ಮನಿಗೆ ಗಿಡದ ಕೆಲಸವೆಂದರೆ ಇಷ್ಟ, ಅದನ್ನೇ ಇಟ್ಟುಕೊಂಡು ಕೈಯ ವ್ಯಾಯಾಮ ಯೋಜಿಸಿಕೊಡುತ್ತೀರಾ" ಎಂದು ಕೇಳಿ. ಇದು ಅವರಿಗೆ ವಿಚಿತ್ರ ಪ್ರಶ್ನೆಯಾಗಿ ಕಾಣುವುದಿಲ್ಲ.

ದುಡ್ಡು ಕೊಡುವ ಮೊದಲು

ಖಾಸಗಿಯಾಗಿ ಯಾರಾದರೂ ತೋಟಗಾರಿಕೆ ಚಿಕಿತ್ಸೆ ಕೊಡುತ್ತೇವೆ ಎಂದರೆ ಸಂಕೋಚವಿಲ್ಲದೆ ಕೇಳಿ: ನಿಮ್ಮ ಮೂಲ ಓದು ಯಾವುದು? ರೋಗಿಗಳ ಜೊತೆ ಮೇಲ್ವಿಚಾರಣೆಯಲ್ಲಿ ಎಷ್ಟು ಗಂಟೆ ಕೆಲಸ ಮಾಡಿದ್ದೀರಿ? ನಮ್ಮ ಡಾಕ್ಟರ ಜೊತೆ ಮಾತಾಡುತ್ತೀರಾ? ಮೊದಲ ಭೇಟಿಯಲ್ಲಿ ಔಷಧಿಗಳ ಪಟ್ಟಿ ಕೇಳದವರನ್ನು ನಾನಾದರೆ ಅಲ್ಲಿಗೇ ಬಿಡುತ್ತೇನೆ; ಕಾರಣ ಮುಂದೆ ಹೇಳುತ್ತೇನೆ. ಮಾತ್ರೆ ಕಡಿಮೆ ಮಾಡಿಸುತ್ತೇವೆ ಎಂದು ಭರವಸೆ ಕೊಡುವವರ ಜೊತೆ ಎರಡನೇ ಮಾತು ಬೇಡ.

ಪುನರ್ವಸತಿ ಕೇಂದ್ರದಲ್ಲಿ ಇರಿಸುವ ಸಂದರ್ಭವಾದರೆ ಇನ್ನೊಂದು ವಿಷಯ ತಿಳಿದಿರಬೇಕು. ಹಳೆಯ ಕಾಲದ ಮಾನಸಿಕ ಆಸ್ಪತ್ರೆಗಳಲ್ಲಿ ರೋಗಿಗಳು ತೋಟದಲ್ಲಿ ದುಡಿಯುತ್ತಿದ್ದದ್ದು ಎಷ್ಟು ಚಿಕಿತ್ಸೆ, ಎಷ್ಟು ಪುಕ್ಕಟೆ ಕೂಲಿ ಎಂದು ಹೇಳುವುದು ಕಷ್ಟ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಈ ಗೆರೆಯನ್ನು ಸ್ಪಷ್ಟವಾಗಿ ಎಳೆದಿದೆ. ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿ ಇರುವವರನ್ನು ಕೆಲಸ ಮಾಡುವಂತೆ ಬಲವಂತಪಡಿಸುವಂತಿಲ್ಲ, ಮಾಡಿದ ಕೆಲಸಕ್ಕೆ ಸೂಕ್ತ ಸಂಭಾವನೆ ಕೊಡಬೇಕು. ನಿಮ್ಮವರು ದಿನವಿಡೀ ಕಳೆ ಕೀಳುತ್ತಿದ್ದು, ಗುರಿ ಏನು ಎಂದು ಕೇಳಿದರೆ ಯಾರ ಬಳಿಯೂ ಉತ್ತರವಿಲ್ಲದಿದ್ದರೆ ಅದನ್ನು ಥೆರಪಿ ಎಂದು ಒಪ್ಪಿಕೊಳ್ಳಬೇಡಿ.

ಎಷ್ಟು ನಂಬಬಹುದು

ಖಿನ್ನತೆಯ ಲಕ್ಷಣಗಳು, ಆತಂಕ, ಒಂಟಿತನ, ಮರೆವಿನ ಕಾಯಿಲೆಯವರ ಚಡಪಡಿಕೆ ಇವುಗಳಲ್ಲಿ ಗಿಡಗಳ ಕೆಲಸ ಸಹಾಯ ಮಾಡುತ್ತದೆ ಎಂದು ತೋರಿಸುವ ಅಧ್ಯಯನಗಳಿವೆ. ಹೆಚ್ಚಿನವು ಸಣ್ಣವು, ಕೆಲವೇ ವಾರಗಳವು. ರೋಗಿಗೆ ತಾನು ಯಾವ ಗುಂಪಿನಲ್ಲಿದ್ದೇನೆಂದು ಗೊತ್ತಾಗದಂತೆ ಇಂಥ ಪ್ರಯೋಗ ನಡೆಸಲೂ ಆಗುವುದಿಲ್ಲ. ಆದ್ದರಿಂದ ಔಷಧಿ, ಆಪ್ತಸಮಾಲೋಚನೆ, ಫಿಸಿಯೋಥೆರಪಿಗಳ ಜೊತೆಗೆ ಇದು ಇರಬಹುದು, ಬದಲಿಗೆ ಅಲ್ಲ.

ಜಾಹೀರಾತುಗಳಲ್ಲಿ ಮತ್ತೆ ಮತ್ತೆ ಕಾಣುವ ಎರಡು ಅಧ್ಯಯನಗಳನ್ನು ಗುರುತಿಸಲು ಕಲಿಯಿರಿ. ಒಂದು, 1984ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂದ ರೋಜರ್ ಉಲ್ರಿಚ್ ಅವರದು. ಪಿತ್ತಕೋಶದ ಶಸ್ತ್ರಚಿಕಿತ್ಸೆಯಾದವರಲ್ಲಿ ಕಿಟಕಿಯಾಚೆ ಮರ ಕಾಣುತ್ತಿದ್ದ 23 ಮಂದಿ, ಇಟ್ಟಿಗೆ ಗೋಡೆ ಕಾಣುತ್ತಿದ್ದ 23 ಮಂದಿಗಿಂತ ಬೇಗ ಮನೆಗೆ ಹೋದರು, ಬಲವಾದ ನೋವುನಿವಾರಕಗಳೂ ಅವರಿಗೆ ಕಡಿಮೆ ಬೇಕಾದವು. ಒಳ್ಳೆಯ ಅಧ್ಯಯನ, ಆದರೆ ಅಲ್ಲಿ ಯಾರೂ ಗಿಡ ನೆಡಲಿಲ್ಲ, ಬರೀ ನೋಡಿದರು. ಎರಡು, ಮಣ್ಣಿನ ಒಂದು ಬ್ಯಾಕ್ಟೀರಿಯಾ ಖಿನ್ನತೆಯನ್ನು ಕಳೆಯುತ್ತದೆ ಎಂಬುದು. 2007ರ ಆ ಪ್ರಯೋಗ ನಡೆದದ್ದು ಇಲಿಗಳ ಮೇಲೆ.

ಮನೆಯವರು ಕಲಿಯುವುದು: ಮೆಂತ್ಯದ ತಟ್ಟೆಯಿಂದ

ನೀವು ಚಿಕಿತ್ಸಕರಾಗಬೇಕಿಲ್ಲ. ಅವರ ವಿದ್ಯೆಯಲ್ಲಿ ಮೂರು ಸಂಗತಿ ಕಲಿತರೆ ಮನೆಮಟ್ಟಿಗೆ ಸಾಕು: ಕೆಲಸವನ್ನು ಬಿಡಿಸುವುದು, ಸುಮ್ಮನೆ ನೋಡುವುದು, ಬರೆದಿಡುವುದು. ಎರಡನೆಯದು ಎಲ್ಲಕ್ಕಿಂತ ಕಷ್ಟ, ಏಕೆಂದರೆ ಕೈ ತಡೆಯುವುದಿಲ್ಲ, "ಬಿಡಿ, ನಾನೇ ಮಾಡ್ತೀನಿ" ಎಂದು ಕಿತ್ತುಕೊಂಡುಬಿಡುತ್ತೇವೆ.

ಪುಣೆಯ ಒಂದು ಫ್ಲಾಟಿನಲ್ಲಿ ಪಾರ್ಶ್ವವಾಯುವಿನಿಂದ ಬಲಗೈ ಸೋತ, ಎಪ್ಪತ್ತು ದಾಟಿದ ತಂದೆ ಇದ್ದಾರೆಂದು ಇಟ್ಟುಕೊಳ್ಳಿ. ಶುರು ಮಾಡಲು ಮೆಂತ್ಯಕ್ಕಿಂತ ಒಳ್ಳೆಯದು ನನಗೆ ಗೊತ್ತಿಲ್ಲ. ಅಡುಗೆಮನೆಯ ಡಬ್ಬಿಯಲ್ಲೇ ಬೀಜ ಇರುತ್ತದೆ. ರಾತ್ರಿ ನೆನೆಸಿದರೆ ಎರಡು ಮೂರು ದಿನದಲ್ಲಿ ಮೊಳಕೆ, ಎರಡು ವಾರದೊಳಗೆ ಕತ್ತರಿಸುವಷ್ಟು ಎಳೆಯ ಸಸಿ. ಕಾಯುವ ಶಕ್ತಿ ಇಲ್ಲದ ಮನಸ್ಸಿಗೆ ಈ ವೇಗ ಮುಖ್ಯ. ಕೊತ್ತಂಬರಿ ಬೀಜವನ್ನು ಒಡೆದು ಹಾಕಿ ಒಂದೆರಡು ವಾರ ಖಾಲಿ ಮಣ್ಣನ್ನೇ ನೋಡುತ್ತ ಕೂರಬೇಕು. ಖಿನ್ನತೆ ಇರುವವರಿಗೆ ಅದನ್ನು ಮೊದಲ ಬೆಳೆಯಾಗಿ ಕೊಡಬೇಡಿ.

ತಟ್ಟೆಯನ್ನು ಮೇಜಿನ ಮೇಲೆ ಇಡಿ, ಅಪ್ಪನನ್ನು ಕೈಯಿರುವ ಗಟ್ಟಿ ಕುರ್ಚಿಯಲ್ಲಿ ಕೂರಿಸಿ, ಪಾದಗಳು ನೆಲಕ್ಕೆ ತಾಗಿರಲಿ. ತಟ್ಟೆ ಜಾರದಂತೆ ಕೆಳಗೆ ಒದ್ದೆ ಬಟ್ಟೆ ಹಾಸಿ. ಮಣ್ಣನ್ನು ಮೊದಲೇ ನೆನೆಸಿಟ್ಟಿರಿ. ಮೊದಲ ದಿನ ಸೋತ ಕೈ ತಟ್ಟೆಯ ಅಂಚನ್ನು ಒತ್ತಿ ಹಿಡಿದರೆ ಸಾಕು, ಬೀಜ ಉದುರಿಸುವುದು ಎಡಗೈಯ ಕೆಲಸ. ಮುಂದಿನ ವಾರ ಸೋತ ಕೈಯ ಅಂಗೈಯಲ್ಲಿ ಮಣ್ಣು ತಟ್ಟಿ ಸಮ ಮಾಡಲಿ. ಅದು ಆದ ಮೇಲೆ ದೊಡ್ಡ ಕಾಳು, ಅಂದರೆ ಹುರುಳಿಯಲ್ಲ, ಅವರೆ ಅಥವಾ ಅಲಸಂದೆಯನ್ನು ಒಂದೊಂದಾಗಿ ಎತ್ತಿ ಗುಳಿಯಲ್ಲಿ ಹಾಕುವುದು. ಸಾಸಿವೆಯಷ್ಟು ಸಣ್ಣದಕ್ಕೆ ಬರುವುದು ಕೊನೆಯಲ್ಲಿ. ಹತ್ತು ಹದಿನೈದು ನಿಮಿಷಕ್ಕೆ ನಿಲ್ಲಿಸಿ, ಅವರು ಇನ್ನೂ ಮಾಡುತ್ತೇನೆ ಎಂದರೂ. ಆಯಾಸವಾದ ಮೇಲೆ ಮಾಡಿದ ಕೆಲಸ ಕೆಡುತ್ತದೆ, ಕೆಟ್ಟ ಕೆಲಸ ನಾಳೆಗೆ ಉತ್ಸಾಹ ಉಳಿಸುವುದಿಲ್ಲ.

ನಿಮ್ಮದೇ ಇನ್ನೊಂದು ತಟ್ಟೆಯನ್ನು ಅದೇ ದಿನ ಬಿತ್ತಿಡಿ. ಅವರದು ಕೊಳೆತರೆ "ನಾನು ಮುಟ್ಟಿದ್ದೆಲ್ಲ ಹಾಳು" ಎಂಬ ಮಾತು ಬರದಂತೆ, ಒಟ್ಟಿಗೆ ನೋಡಿ ಮಾತಾಡಲು ಮತ್ತೊಂದು ಇರುತ್ತದೆ. ಸತ್ತ ಗಿಡವನ್ನು ಗುಟ್ಟಾಗಿ ಬದಲಿಸುವುದು ಮಾತ್ರ ಬೇಡ, ಗೊತ್ತಾದರೆ ನಿಮ್ಮ ಮೇಲಿನ ನಂಬಿಕೆ ಹೋಗುತ್ತದೆ.

ಮಣ್ಣೇ ಬೇಡದ ಕೆಲಸಗಳೂ ನಮ್ಮ ಮನೆಗಳಲ್ಲಿ ಬೇಕಾದಷ್ಟಿವೆ. ನೆನೆಸಿದ ಅವರೆಕಾಳನ್ನು ಹಿದುಕುವುದು ಹೆಬ್ಬೆರಳು ತೋರುಬೆರಳಿಗೆ ಯಾವ ಉಪಕರಣವೂ ಕೊಡಲಾರದ ವ್ಯಾಯಾಮ. ಸೊಪ್ಪು ಬಿಡಿಸುವುದು, ಬಾಳೆನಾರಿನಲ್ಲಿ ಹೂ ಕಟ್ಟುವುದು ಎರಡೂ ಕೈ ಸೇರಿ ಮಾಡುವ ಕೆಲಸ. ಮರೆವಿನ ಕಾಯಿಲೆ ಇರುವ ಅಮ್ಮನಿಗೆ ಬೆಳಗಿನ ತಿಂಡಿ ನೆನಪಿರಲಿಕ್ಕಿಲ್ಲ, ಹೂ ಕಟ್ಟುವ ಬೆರಳುಗಳಿಗೆ ಅಭ್ಯಾಸ ನೆನಪಿರಬಹುದು. ಥೆರಪಿಸ್ಟ್ ಮರಾಠಿಯವರೋ ತಮಿಳರೋ ಆಗಿದ್ದರೆ ಈ ಕೆಲಸಗಳ ಹೆಸರನ್ನು, ಅಮ್ಮ ಅದನ್ನು ಹೇಗೆ ಮಾಡುತ್ತಿದ್ದರು ಎಂಬುದನ್ನು ನೀವೇ ಅವರಿಗೆ ತೋರಿಸಿಕೊಡಬೇಕು. ಮಾಟುಂಗಾ ಮಾರುಕಟ್ಟೆಯಲ್ಲಿ ಬಿಡಿ ಹೂ ಸಿಗುತ್ತದೆ. ಆದರೆ ಹೂವನ್ನು ಕೈಗೆ ಕೊಟ್ಟು "ಕಟ್ಟಿ ಅಮ್ಮ" ಎಂದು ಕನ್ನಡದಲ್ಲಿ ಹೇಳಬಲ್ಲವರು ಮನೆಯವರೇ.

ಔಷಧಿ ತೆಗೆದುಕೊಳ್ಳುತ್ತಿರುವವರು ಇದನ್ನು ಓದಲೇಬೇಕು

ಫಾರ್ಮಸಿಸ್ಟ್ ಆಗಿ ನನಗೆ ಹೆಚ್ಚು ಯೋಚನೆ ಇರುವುದು ಈ ಭಾಗದ ಬಗ್ಗೆ. ಬಿಸಿಲು, ಬೆವರು, ಬಗ್ಗಿ ಏಳುವುದು, ಮುಳ್ಳು, ಮಣ್ಣು, ಈ ಐದಕ್ಕೂ ಮಾತ್ರೆಗಳಿಗೂ ಸಂಬಂಧವಿದೆ.

ಬಿಸಿಲಿನಿಂದ ಆರಂಭಿಸೋಣ. ಡಾಕ್ಸಿಸೈಕ್ಲಿನ್, ರಕ್ತದೊತ್ತಡದ ಹೈಡ್ರೋಕ್ಲೋರೋಥಯಜೈಡ್, ಹೃದಯದ ಲಯಕ್ಕೆ ಕೊಡುವ ಅಮಿಯೊಡರೋನ್, ಮಾನಸಿಕ ಕಾಯಿಲೆಯ ಕ್ಲೋರ್‌ಪ್ರೊಮಜೀನ್ ಇವು ಚರ್ಮವನ್ನು ಬಿಸಿಲಿಗೆ ಸೂಕ್ಷ್ಮವಾಗಿಸುತ್ತವೆ. ಇವುಗಳಲ್ಲಿ ಯಾವುದಾದರೂ ಇದ್ದರೆ ಬೆಳಗ್ಗೆ ಎಂಟರೊಳಗೆ ಅಥವಾ ಸಂಜೆ ಇಳಿಬಿಸಿಲಿನಲ್ಲಿ, ತುಂಬು ತೋಳಿನ ಬಟ್ಟೆ ಹಾಕಿಕೊಂಡು ಕೆಲಸ ಮಾಡಲಿ.

ಬೆವರಿನ ವಿಷಯ ಇನ್ನೂ ಗಂಭೀರ. ಕೈ ನಡುಕ, ಬಿಗಿತಕ್ಕೆ ಕೊಡುವ ಟ್ರೈಹೆಕ್ಸಿಫೆನಿಡಿಲ್ ಬೆವರುವುದನ್ನೇ ಕಡಿಮೆ ಮಾಡುತ್ತದೆ, ಕೆಲವು ಮನೋವೈದ್ಯಕೀಯ ಔಷಧಿಗಳು ದೇಹ ಬಿಸಿಯನ್ನು ನಿಭಾಯಿಸುವ ಶಕ್ತಿಯನ್ನು ಕುಗ್ಗಿಸುತ್ತವೆ. ಹೈದರಾಬಾದಿನ, ದೆಹಲಿಯ ಮೇ ತಿಂಗಳಲ್ಲಿ ಅಂಥವರು ಹೊರಗೆ ಅಗೆಯುವುದು ಬೇಡ. ಲಿಥಿಯಂ ತೆಗೆದುಕೊಳ್ಳುವವರಲ್ಲಿ ಬೆವರಿ ನೀರು, ಉಪ್ಪು ಕಡಿಮೆಯಾದರೆ ರಕ್ತದಲ್ಲಿ ಲಿಥಿಯಂ ಮಟ್ಟ ಏರುತ್ತದೆ. ಕೈನಡುಕ ಹೆಚ್ಚಾಗುವುದು, ವಾಂತಿ, ಭೇದಿ, ತೂರಾಡುವ ನಡಿಗೆ, ತೊದಲು ಮಾತು ಕಂಡರೆ ಮುಂದಿನ ಡೋಸ್ ಕೊಡುವ ಮೊದಲು ಡಾಕ್ಟರನ್ನು ಸಂಪರ್ಕಿಸಿ, ಅವರು ಸಿಗದಿದ್ದರೆ ಆಸ್ಪತ್ರೆಗೆ ಕರೆದೊಯ್ಯಿರಿ.

ಪ್ರಾಸ್ಟೇಟ್‌ಗೆ ಕೊಡುವ ಟ್ಯಾಮ್ಸುಲೋಸಿನ್, ರಕ್ತದೊತ್ತಡದ ಪ್ರಜೋಸಿನ್, ಹಲವು ಮನೋವೈದ್ಯಕೀಯ ಮಾತ್ರೆಗಳು ಬಗ್ಗಿ ಎದ್ದಾಗ ತಲೆಸುತ್ತು ತರುತ್ತವೆ. ನೆಲದ ಮೇಲಿನ ಕುಂಡ ಇವರಿಗೆ ಆಗದು. ಮೇಜಿನ ಎತ್ತರದಲ್ಲಿ, ಕುಳಿತು ಮಾಡುವ ಕೆಲಸವೇ ಇರಲಿ.

ರಕ್ತ ತೆಳುವಾಗಿಸುವ ವಾರ್ಫರಿನ್ ಅಥವಾ ಅಸೆನೊಕೌಮರಾಲ್ ತೆಗೆದುಕೊಳ್ಳುವವರಿಗೆ ಎರಡು ಎಚ್ಚರಿಕೆ. ಗುಲಾಬಿ, ನಿಂಬೆಯಂಥ ಮುಳ್ಳಿನ ಗಿಡ ಬೇಡ, ಕೈಗವಸು ಬೇಕು. ಇದು ಎಲ್ಲರಿಗೂ ಹೊಳೆಯುತ್ತದೆ. ಹೊಳೆಯದ್ದು ಎರಡನೆಯದು: ಬೆಳೆದ ಸೊಪ್ಪನ್ನು ತಿನ್ನುವುದು. ಸೊಪ್ಪಿನಲ್ಲಿ ವಿಟಮಿನ್ ಕೆ ಇದೆ, ಅದು ಈ ಮಾತ್ರೆಗಳ ಪ್ರಭಾವವನ್ನು ತಗ್ಗಿಸುತ್ತದೆ. ತಾನೇ ಬೆಳೆದದ್ದು ಎಂಬ ಸಂಭ್ರಮದಲ್ಲಿ ಅಪ್ಪ ದಿನಾ ಪಾಲಕ್, ನುಗ್ಗೆ ಸೊಪ್ಪು ತಿನ್ನತೊಡಗಿದರೆ ಐ.ಎನ್.ಆರ್. ಪರೀಕ್ಷೆಯ ಫಲಿತಾಂಶ ಏರುಪೇರಾಗಬಹುದು. ಸೊಪ್ಪು ಬಿಡಬೇಕಿಲ್ಲ, ವಾರದಿಂದ ವಾರಕ್ಕೆ ಒಂದೇ ಅಳತೆ ಇರಲಿ, ಬದಲಾವಣೆಯನ್ನು ಡಾಕ್ಟರಿಗೆ ತಿಳಿಸಿ. ಕಿಡ್ನಿ ಕಾಯಿಲೆಯಲ್ಲಿ ಪೊಟ್ಯಾಸಿಯಂ ಪಥ್ಯ ಇರುವವರು ಕೂಡ ತೋಟದ ಸೊಪ್ಪನ್ನು ಕೇಳದೆ ತಿನ್ನಬಾರದು.

ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಮಾತ್ರೆ ತೆಗೆದುಕೊಳ್ಳುವ ಮಧುಮೇಹಿಗಳು ಖಾಲಿ ಹೊಟ್ಟೆಯಲ್ಲಿ ಕೆಲಸಕ್ಕೆ ಇಳಿಯಬಾರದು. ಬಾಲ್ಕನಿಯ ಕಿಟಕಿಯ ಮೇಲೆ ಸಕ್ಕರೆ ಅಥವಾ ಗ್ಲೂಕೋಸ್ ಇಟ್ಟಿರಿ. ಕಾಲಿನ ಸ್ಪರ್ಶ ಕಡಿಮೆಯಾಗಿರುವವರು ಬರಿಗಾಲಿನಲ್ಲಿ ಮಣ್ಣು ತುಳಿಯಬಾರದು. "ಬರಿಗಾಲಲ್ಲಿ ಮಣ್ಣಿನ ಶಕ್ತಿ" ಎಂಬ ಸಲಹೆ ಅವರಿಗೆ ಅಪಾಯ.

ಕೊನೆಯದಾಗಿ ಮಣ್ಣು. ಕೀಮೋಥೆರಪಿಯಲ್ಲಿರುವವರು, ಅಂಗ ಕಸಿಯಾದವರು, ಹೆಚ್ಚು ಪ್ರಮಾಣದ ಸ್ಟೀರಾಯ್ಡ್ ತೆಗೆದುಕೊಳ್ಳುವವರಿಗೆ ಗೊಬ್ಬರದಲ್ಲಿನ ಶಿಲೀಂಧ್ರ ಶ್ವಾಸಕೋಶಕ್ಕೆ ಇಳಿಯಬಹುದು. ಅವರ ಡಾಕ್ಟರು ಒಪ್ಪುವವರೆಗೆ ಮಣ್ಣು, ಕಾಂಪೋಸ್ಟ್, ಕೊಳೆತ ಎಲೆ, ಹೂದಾನಿಯ ಹಳೆ ನೀರು ಯಾವುದೂ ಬೇಡ. ಮೀಲಿಯೊಯ್ಡೋಸಿಸ್ ಎಂಬ ಇನ್ನೊಂದು ಸೋಂಕು ಮಣ್ಣು ಮತ್ತು ಕೆಸರು ನೀರಿನಿಂದ ಬರುತ್ತದೆ, ಹೆಚ್ಚಾಗಿ ಮಧುಮೇಹಿಗಳನ್ನು ಹಿಡಿಯುತ್ತದೆ, ಮಳೆಗಾಲದಲ್ಲಿ ಜಾಸ್ತಿ. ಉಡುಪಿ, ಮಂಗಳೂರು ಕಡೆಯಿಂದ ಇದರ ಪ್ರಕರಣಗಳು ವರದಿಯಾಗಿವೆ. ಜುಲೈನಲ್ಲಿ ಊರಿಗೆ ಹೋಗಿ ತೋಟದಲ್ಲಿ ಕೈಯಾಡಿಸುವ ಮಧುಮೇಹಿಗಳು ಬೂಟು, ಕೈಗವಸು ಹಾಕಿಕೊಳ್ಳಲಿ, ಗಾಯವಿದ್ದರೆ ಇಳಿಯದಿರಲಿ. ವಾಪಸ್ ಬಂದ ಮೇಲೆ ಬಿಡದ ಜ್ವರ ಬಂದರೆ ಮುಂಬೈಯ ಡಾಕ್ಟರಿಗೆ ಊರಿನ ಮಣ್ಣಿನ ವಿಷಯವನ್ನೂ ಹೇಳಿ. ನೀವಾಗಿ ಹೇಳದಿದ್ದರೆ ಅವರಿಗೆ ಅದು ಹೊಳೆಯದಿರಬಹುದು. ಎಲ್ಲರಿಗೂ ಅನ್ವಯಿಸುವುದು: ಟೆಟನಸ್ ಲಸಿಕೆ ಹತ್ತು ವರ್ಷದೊಳಗಿನದಾಗಿರಲಿ, ಕೋಕೋಪೀಟ್ ಅಥವಾ ಪಾಟ್ ಮಿಕ್ಸ್ ಚೀಲ ಬಿಚ್ಚಿದ ಕೂಡಲೇ ನೀರು ಚಿಮುಕಿಸಿ ದೂಳು ಏಳದಂತೆ ನೋಡಿಕೊಳ್ಳಿ, ಕುಂಡದ ಕೆಳಗಿನ ತಟ್ಟೆಯ ನೀರನ್ನು ವಾರಕ್ಕೊಮ್ಮೆಯಾದರೂ ಚೆಲ್ಲಿ ಉಜ್ಜಿ. ಡೆಂಗಿ ಸೊಳ್ಳೆಗೆ ಅಷ್ಟು ನೀರು ಸಾಕು.

ಗಿಡದ ಹೆಸರು ಊರಿಗೊಂದು

ಪರಭಾಷೆಯ ಊರಿನಲ್ಲಿ ನರ್ಸರಿಗೆ ಹೋದಾಗ ಹೆಸರಿನಿಂದಲೇ ಎಡವಟ್ಟಾಗಬಹುದು. ಚೆನ್ನೈಯಲ್ಲಿ "ಅರಳಿ" ಎಂದರೆ ನಮ್ಮ ಅರಳಿಮರವಲ್ಲ, ಕಣಗಿಲೆ. ಎಲೆ, ಹೂ, ಬೇರು ಎಲ್ಲವೂ ವಿಷ, ಹೃದಯದ ಬಡಿತವನ್ನೇ ಕೆಡಿಸುತ್ತದೆ. ಮರಾಠಿಯಲ್ಲಿ ಅದು ಕಣ್ಹೇರ, ತೆಲುಗಿನಲ್ಲಿ ಗನ್ನೇರು, ಹಿಂದಿಯಲ್ಲಿ ಕನೇರ್. ಹಳದಿ ಕಣಗಿಲೆಯೂ ಅಷ್ಟೇ ಅಪಾಯಕಾರಿ. ಪೂಜೆಗೆಂದು ಇಟ್ಟುಕೊಂಡಿದ್ದರೂ ಮರೆವಿನ ಕಾಯಿಲೆಯವರು, ಚಿಕ್ಕ ಮಕ್ಕಳು, ತೀವ್ರ ಖಿನ್ನತೆಯಲ್ಲಿರುವವರು ಇರುವ ಮನೆಯಿಂದ ಆ ಕುಂಡವನ್ನು ತೆಗೆಯಿರಿ. ಉಮ್ಮತ್ತಿ, ಔಡಲ, ಗುಲಗಂಜಿಗೂ ಇದೇ ಮಾತು. ಕಚೇರಿ, ಲಿಫ್ಟ್ ಪಕ್ಕ ಇಡುವ ಚುಕ್ಕೆ ಎಲೆಯ ಡೀಫನ್‌ಬೇಕಿಯಾ ಮತ್ತು ಮನಿ ಪ್ಲಾಂಟ್ ಎಲೆ ಕಚ್ಚಿದರೆ ಬಾಯಿ, ನಾಲಿಗೆ ಉರಿದು ಊದುತ್ತದೆ. ಕೈಗೆ ಸಿಕ್ಕಿದ್ದನ್ನು ಬಾಯಿಗೆ ಹಾಕುವ ಹಂತದಲ್ಲಿರುವವರ ಹತ್ತಿರ ಇವೂ ಬೇಡ.

ಕಾಶಿ ಕಣಗಿಲೆಯ ಬಗ್ಗೆ ಬೇರೆಯಾಗಿ ಹೇಳಬೇಕು. ನಿತ್ಯಪುಷ್ಪ, ಮರಾಠಿಯ ಸದಾಫುಲಿ, ತಮಿಳಿನ ನಿತ್ಯಕಲ್ಯಾಣಿ, ಹಿಂದಿಯ ಸದಾಬಹಾರ್, ಎಲ್ಲ ಒಂದೇ. ವಿನ್‌ಕ್ರಿಸ್ಟಿನ್, ವಿನ್‌ಬ್ಲಾಸ್ಟಿನ್ ಎಂಬ ಕ್ಯಾನ್ಸರ್ ಔಷಧಿಗಳು ಈ ಗಿಡದಿಂದ ಬಂದವು ಎಂಬುದು ನಿಜ. ಅದನ್ನು ಕೇಳಿ ಎಲೆ ಅಗಿಯುವವರಿದ್ದಾರೆ. ಔಷಧಿಯಲ್ಲಿ ಮಿಲಿಗ್ರಾಂ ಲೆಕ್ಕದಲ್ಲಿ ಅಳೆದು ರಕ್ತನಾಳಕ್ಕೆ ಕೊಡುವ ವಸ್ತು ಎಲೆಯಲ್ಲಿ ಎಷ್ಟಿದೆ ಎಂದು ಯಾರಿಗೂ ತಿಳಿಯದು, ಅದರ ಜೊತೆ ಇರುವ ಬೇರೆ ವಿಷಗಳೂ ಹೊಟ್ಟೆ ಸೇರುತ್ತವೆ. ಗಿಡವನ್ನು ಬೆಳೆಸಿ, ಹೂ ನೋಡಿ, ತಿನ್ನಬೇಡಿ.

ಧೈರ್ಯವಾಗಿ ತರಬಹುದಾದದ್ದು ದೊಡ್ಡಪತ್ರೆ. ಮರಾಠಿಯಲ್ಲಿ ಪಾನ್ ಓವಾ, ತಮಿಳಿನಲ್ಲಿ ಕರ್ಪೂರವಳ್ಳಿ, ತೆಲುಗಿನಲ್ಲಿ ವಾಮು ಆಕು. ಒಂದು ಕಡ್ಡಿ ಚುಚ್ಚಿದರೆ ಬೇರು ಬಿಡುತ್ತದೆ, ಒಂದು ದಿನ ನೀರು ಮರೆತರೂ ಸಾಯುವುದಿಲ್ಲ, ದಪ್ಪ ಎಲೆ ನಡುಗುವ ಕೈಗೂ ಸಿಗುತ್ತದೆ, ಮುಟ್ಟಿದರೆ ಸಾಕು ವಾಸನೆ. ಕಣ್ಣು ಮಂಜಾದವರಿಗೆ ಇದು ಮತ್ತು ಪುದೀನ ಎರಡೂ ಚೆನ್ನ.

ಬರೆದಿಡುವುದು, ನಿಲ್ಲಿಸುವುದು

ಒಂದು ಹಳೆಯ ನೋಟ್‌ಬುಕ್ ಸಾಕು. ದಿನಾಂಕ, ಮಾಡಿದ ಕೆಲಸ, ಎಷ್ಟು ನಿಮಿಷ, ಯಾವ ಹೆಜ್ಜೆಯಲ್ಲಿ ಸಹಾಯ ಬೇಕಾಯಿತು, ಆಮೇಲೆ ಊಟ ನಿದ್ದೆ ಹೇಗಿತ್ತು. ಎಂಟು ವಾರದ ಇಂಥ ಪುಟಗಳು ಮುಂದಿನ ಭೇಟಿಯಲ್ಲಿ ಡಾಕ್ಟರಿಗೆ "ಪರವಾಗಿಲ್ಲ ಸಾರ್" ಎಂಬ ನಿಮ್ಮ ಉತ್ತರಕ್ಕಿಂತ ಹೆಚ್ಚು ಹೇಳುತ್ತವೆ. ಎಂಟು ವಾರ ಕಳೆದರೂ ಏನೂ ಬದಲಾಗದಿದ್ದರೆ, ರೋಗಿಗೆ ಅದು ಶಿಕ್ಷೆಯಂತೆ ಕಾಣುತ್ತಿದ್ದರೆ, ಬಿಟ್ಟುಬಿಡಿ. ಗಿಡ ಎಲ್ಲರಿಗೂ ಇಷ್ಟವಾಗಬೇಕೆಂದೇನೂ ಇಲ್ಲ. ಹಾಡು, ಅಡುಗೆ, ಹೊಲಿಗೆಯಲ್ಲೂ ಇದೇ ರೀತಿ ಕೆಲಸ ಬಿಡಿಸಿ ಗುರಿ ಇಟ್ಟುಕೊಳ್ಳಬಹುದು.

ಮನೆಯಲ್ಲಿ ಕೀಟನಾಶಕ ಇಡಬೇಡಿ. ಹುಳ ಬಿದ್ದರೆ ಸೋಪಿನ ನೀರು ಚಿಮುಕಿಸಿ, ಅದಕ್ಕೂ ಹೋಗದಿದ್ದರೆ ಗಿಡವನ್ನೇ ಎಸೆಯಿರಿ. ಕತ್ತರಿ, ಚಾಕು ಕೆಲಸ ಮುಗಿದ ತಕ್ಷಣ ಒಳಗೆ ಹೋಗಲಿ. ರೋಗಿ ಬದುಕು ಸಾಕಾಗಿದೆ ಎಂಬಂಥ ಮಾತಾಡಿದರೆ, ಅದು ಗಿಡಕ್ಕೆ ನೀರು ಹಾಕುತ್ತ ನಗುನಗುತ್ತ ಆಡಿದ ಮಾತಾದರೂ, ಅವರನ್ನು ಒಬ್ಬರನ್ನೇ ಬಿಡಬೇಡಿ, ಅದೇ ದಿನ ಮನೋವೈದ್ಯರಿಗೆ ತಿಳಿಸಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಹಗಲು ರಾತ್ರಿ ಉಚಿತ. ಕನ್ನಡದಲ್ಲೂ ಮಾತಾಡಬಹುದು. ನೀವು ಬೇರೆ ರಾಜ್ಯದಿಂದ ಕರೆ ಮಾಡುತ್ತಿದ್ದರೆ ಮೊದಲೇ ಕನ್ನಡ ಬೇಕೆಂದು ಕೇಳಿ.